ಕೆನರಾದಲ್ಲಿ ಮೂರು ವರ್ಷ: ಸಂತ ಜೋಸೆಫ್ ವಾಜರ ಚರಿತ್ರೆಯ ಒಂದು ಓದು

ಬೆಂಗಳೂರಿನ ನಂದಿನಿ ಲೇಔಟ್‌ಗೆ ಹೊಂದಿಕೊಂಡಿರುವ ಕಂಠೀರವ ಸ್ಟುಡಿಯೋ ಆವರಣದಲ್ಲಿ ಡಾ. ರಾಜ್‌ಕುಮಾರ್ ಅವರ ಸಮಾಧಿಯಿದೆ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡ ಮೇಲೆ ಆ ಸ್ಥಳಕ್ಕೆ ಜನ ಬರುವುದು ನಿಂತಿಲ್ಲ. 2021ರ ಅಕ್ಟೋಬರ್ 29ರಂದು ಅಕಾಲಿಕವಾಗಿ ಅಗಲಿದ ಅವರ ಕಿರಿಯ ಮಗ ಪುನೀತ್ ಅಲ್ಲಿಯೇ ಮಣ್ಣಾದ ನಂತರವಂತೂ ಅದು ನಾಡಿನ ಮೂಲೆಮೂಲೆಯ ಜನರ ಯಾತ್ರಾಸ್ಥಳವೇ ಆಯಿತು. ಬಂದವರು ಹೂವಿಡುತ್ತಾರೆ, ಕೈಮುಗಿಯುತ್ತಾರೆ, ಮಕ್ಕಳನ್ನು ಮುಂದೆ ನಿಲ್ಲಿಸಿ ನಮಸ್ಕಾರ ಮಾಡಿಸುತ್ತಾರೆ. ಇವರಿಗೆ ಹೀಗೆ ಮಾಡಿರೆಂದು ಯಾವ ಶಾಸ್ತ್ರವೂ ಹೇಳಿಲ್ಲ, ಯಾವ ಮಠವೂ ಅಪ್ಪಣೆ ಕೊಡಿಸಿಲ್ಲ. ಬದುಕಿದ್ದಾಗ ರಾಜ್‌ಕುಮಾರ್ ಅಭಿಮಾನಿಗಳನ್ನೇ ದೇವರೆಂದು ಕರೆಯುತ್ತಿದ್ದರೆಂಬುದನ್ನು ನೆನೆದರೆ, ಈ ನಮಸ್ಕಾರದಲ್ಲಿ ಒಂದು ಸೊಗಸಾದ ತಿರುವುಮುರುವು ಕಾಣುತ್ತದೆ.

ಚಲನಚಿತ್ರ ನಟರನ್ನು ಸಂತರ ಸಾಲಿಗೆ ಸೇರಿಸುವುದು ಈ ಬರಹದ ಉದ್ದೇಶವಲ್ಲ. ಆದರೆ ಕ್ರೈಸ್ತ ಸಂತಚರಿತ್ರೆಗಳನ್ನು ಓದಹೊರಟ ಸಾಹಿತ್ಯದ ವಿದ್ಯಾರ್ಥಿಗೆ ಗ್ರಂಥಾಲಯಕ್ಕಿಂತ ಮೊದಲು ಇಂಥದೊಂದು ಸ್ಥಳದಲ್ಲಿ ಅರ್ಧ ಗಂಟೆ ನಿಲ್ಲುವುದು ಉಪಕಾರಿ. ಏಕೆಂದರೆ ಸಂತರ ಆರಾಧನೆ ಹುಟ್ಟಿದ್ದು ಧರ್ಮಪೀಠಗಳ ಆಜ್ಞೆಯಿಂದಲ್ಲ, ಸಮಾಧಿಗಳ ಬಳಿ ನೆರೆದ ಜನರಿಂದ. ಎರಡನೆಯ ಶತಮಾನದ ನಡುಭಾಗದಲ್ಲಿ ಸ್ಮಿರ್ನಾ ಪಟ್ಟಣದ ವೃದ್ಧ ಧರ್ಮಾಧ್ಯಕ್ಷ ಪಾಲಿಕಾರ್ಪರನ್ನು ರೋಮನ್ ಅಧಿಕಾರಿಗಳು ಚಿತೆಗೇರಿಸಿದರು. ಬೆಂಕಿ ಅವರನ್ನು ಮುಟ್ಟಲಿಲ್ಲವೆಂದೂ ಕಡೆಗೆ ಕಠಾರಿಯಿಂದ ಇರಿದು ಕೊಂದರೆಂದೂ ಆ ಊರಿನ ಸಭೆ ಬರೆದ ಪತ್ರ ಹೇಳುತ್ತದೆ. ಅವರ ಮೂಳೆಗಳನ್ನು ರತ್ನಕ್ಕಿಂತ ಹೆಚ್ಚೆಂದು ಬಗೆದು ಆಯ್ದುಕೊಂಡು ಹೋಗಿ, ಪ್ರತಿವರ್ಷ ಅವರು ಮಡಿದ ದಿನವನ್ನೇ ಅವರ ಹುಟ್ಟುಹಬ್ಬವಾಗಿ ಆಚರಿಸಲು ಜನ ನಿಶ್ಚಯಿಸಿದರು. ಸಾವಿನ ದಿನವನ್ನು ಜನ್ಮದಿನವೆಂದು ಕರೆಯುವ ಈ ರೂಢಿಯಲ್ಲಿ ಮುಂದಿನ ಎಲ್ಲ ಸಂತಚರಿತ್ರೆಗಳ ಬೀಜವಿದೆ. ರೋಮಿನ ಪೋಪರು ಔಪಚಾರಿಕವಾಗಿ ಸಂತರೆಂದು ಘೋಷಿಸಿದ ಮೊದಲ ದಾಖಲೆ ಬಹಳ ತಡವಾದುದು: 993ರಲ್ಲಿ ಆಗ್ಸ್‌ಬರ್ಗ್‌ನ ಉಲ್ರಿಕ್‌ರದು. 1634ರಲ್ಲಿ ಎಂಟನೆಯ ಅರ್ಬನ್ ಪೋಪರು ನಿಯಮಗಳನ್ನು ಬಿಗಿಗೊಳಿಸಿದ ಮೇಲೆ, ಪೀಠ ಒಪ್ಪುವ ಮುನ್ನ ಯಾರನ್ನೂ ಸಾರ್ವಜನಿಕವಾಗಿ ಸಂತರಂತೆ ಪೂಜಿಸಕೂಡದೆಂದಾಯಿತು. ಜನರ ಕಣ್ಣೀರು ಮೊದಲು, ಕಚೇರಿಯ ಕಡತ ಆಮೇಲೆ.

ಜೈನ ಸಾಹಿತ್ಯದ ಅಭ್ಯಾಸಿಗಳಿಗೆ ಸಮಾಧಿಯಿಂದ ಚರಿತ್ರೆಗೆ ಸಾಗುವ ಈ ದಾರಿ ಅಪರಿಚಿತವಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸುಮಾರು ಕ್ರಿ.ಶ. 600ರಿಂದ ಆರಂಭವಾಗುವ ನಿಷಿಧಿ ಶಾಸನಗಳು ಸಂನ್ಯಸನ ವಿಧಿಯಿಂದ ದೇಹಬಿಟ್ಟವರ ಸ್ಮಾರಕಗಳು. ನಂದಿಸೇನ ಮುನಿಯ ಪ್ರಸಿದ್ಧ ಶಾಸನವನ್ನು ಓದಿದವರಿಗೆ ಗೊತ್ತು, ಅದರಲ್ಲಿ ಪವಾಡವೆಂಬುದು ಇಲ್ಲ. ರೂಪ, ಸಿರಿ, ಅಧಿಕಾರಗಳೆಲ್ಲ ಕ್ಷಣಿಕವೆಂದು ಒಬ್ಬನಿಗೆ ತೋರಿತು, ಅವನು ಇಲ್ಲಿ ನೋಂತು ಮುಡಿಪಿದ, ಸುರಲೋಕಕ್ಕೆ ಸಂದ. ಇಷ್ಟೇ. ಕಲ್ಲಿನ ಮೇಲೆ ಜಾಗ ಕಡಿಮೆಯಿದ್ದದ್ದೂ ಒಂದು ಭಾಗ್ಯವೆನ್ನಬೇಕು. ಅದೇ ವಸ್ತು ಕಾವ್ಯಕ್ಕೋ ಕಥಾಕೋಶಕ್ಕೋ ಬಂದಾಗ ಜನ್ಮಾಂತರಗಳೂ ದೇವತೆಗಳೂ ಪುಷ್ಪವೃಷ್ಟಿಯೂ ಸೇರಿಕೊಳ್ಳುತ್ತವೆ. ಹಾಗೆ ಸೇರುವುದು ಸುಳ್ಳಿನ ಲಕ್ಷಣವೆಂದು ತಳ್ಳಿಹಾಕುವುದು ಬಾಲಿಶ. ಆದರೆ ಸೇರಿದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಎಂದು ಬೇರ್ಪಡಿಸಿ ನೋಡದೆ ಒಪ್ಪುವುದೂ ಓದಲ್ಲ.

ಈ ಎಚ್ಚರವನ್ನಿಟ್ಟುಕೊಂಡು ಓದಬೇಕಾದ ಒಂದು ಚರಿತ್ರೆ ಕನ್ನಡ ಕರಾವಳಿಯದೇ ಇದೆ. 2015ರ ಜನವರಿ 14ರಂದು ಕೊಲಂಬೊ ನಗರದಲ್ಲಿ ಪೋಪ್ ಫ್ರಾನ್ಸಿಸ್ ಅವರು ಸಂತರೆಂದು ಘೋಷಿಸಿದ ಜೋಸೆಫ್ ವಾಜರನ್ನು ಲೋಕವು ಶ್ರೀಲಂಕಾದ ಸಂತರೆಂದೇ ಬಲ್ಲದು. ಗೋವೆಯವರು ತಮ್ಮವರೆನ್ನುತ್ತಾರೆ. ಅವೆರಡರ ನಡುವೆ, 1681ರಿಂದ 1684ರವರೆಗೆ, ಅವರು ಕೆಳದಿ ಅರಸರ ಆಳ್ವಿಕೆಯಲ್ಲಿದ್ದ ಕೆನರಾದಲ್ಲಿ ನಡೆದಾಡಿದರು. ಜೀವನಚರಿತ್ರೆಗಳಲ್ಲಿ ಸಾಮಾನ್ಯವಾಗಿ ಕೆಲವೇ ಪುಟಗಳಲ್ಲಿ ಮುಗಿದುಹೋಗುವ ಈ ಮೂರು ವರ್ಷಗಳಲ್ಲಿಯೇ ಇಂದಿನ ಶ್ರದ್ಧಾವಂತನಿಗೆ, ಅವನು ಯಾವ ಮತದವನಾಗಿರಲಿ, ದಕ್ಕುವ ಅಂಶ ಹೆಚ್ಚು.

ವಾಜರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆಣೌಲಿಯಲ್ಲಿ, ತಾಯಿಯ ಊರಿನಲ್ಲಿ. ತಂದೆಯ ಊರು ಸಾಂಕ್ವಾಳ. ಮತಾಂತರಗೊಂಡ ಕೊಂಕಣಿ ಬ್ರಾಹ್ಮಣ ಮನೆತನ. 1676ರಲ್ಲಿ ಗುರುದೀಕ್ಷೆಯಾದ ಬಳಿಕ ಅವರು ಪಾದರಕ್ಷೆ ತೊಡುವುದನ್ನು ಬಿಟ್ಟರು, ಬಡವರು ನಡೆಯುವಂತೆ ಬರಿಗಾಲಲ್ಲಿ ನಡೆದರು. 1677ರ ಆಗಸ್ಟ್ 5ರಂದು ತಾವು ಮರಿಯಮ್ಮನವರ ಶಾಶ್ವತ ದಾಸನೆಂದು ಒಂದು ಪತ್ರ ಬರೆದು ಒಪ್ಪಿಸಿಕೊಂಡರು. ಅದು ಭಕ್ತಿಯ ಪತ್ರವಾದರೂ ಅದರ ರೂಪ ಆ ಕಾಲದ ಜೀತಪತ್ರದ್ದು. ದಾಸ ಶಬ್ದದ ಆಳವನ್ನು ಬಲ್ಲ ಕನ್ನಡಿಗರಿಗೆ ಇದರ ಧಾಟಿ ಹೊಸದೆನಿಸದು. ಆದರೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಮುಂದೆ ಸಿಂಹಳಕ್ಕೆ ಹೊರಟಾಗ ವಾಜರ ಜೊತೆಯಲ್ಲಿ ಜೊವಾಂವ್ ಎಂಬ ಮನೆಯ ಸೇವಕನಿದ್ದ. ವಾಜರು ಆಮಶಂಕೆಯಿಂದ ನೆಲಹಿಡಿದಾಗ ಅವರನ್ನು ನೋಡಿಕೊಂಡವನು ಅವನೇ. ಸ್ವಾಮಿಯ ದಾಸ್ಯಪತ್ರವನ್ನು ಚರಿತ್ರೆ ಜೋಪಾನವಾಗಿ ಉಳಿಸಿಕೊಂಡಿದೆ, ಸೇವಕನ ವಿಷಯದಲ್ಲಿ ಅದು ಹೆಸರು ಹೇಳಿ ಮುಂದೆ ಸಾಗುತ್ತದೆ. ಸಂತಚರಿತ್ರೆಗಳನ್ನು ಓದುವವರು ಇಂಥ ಜೊವಾಂವ್‌ಗಳ ಕಡೆಗೂ ಒಮ್ಮೆ ತಿರುಗಿ ನೋಡಬೇಕು.

ಆ ಹೊತ್ತಿನ ಕೆನರಾ ಸ್ಥಿತಿಯನ್ನು ತಿಳಿಯದೆ ವಾಜರ ಕೆಲಸದ ಕಷ್ಟ ತಿಳಿಯದು. ಮಂಗಳೂರು, ಹೊನ್ನಾವರ, ಬಸರೂರು, ಗಂಗೊಳ್ಳಿಗಳಲ್ಲಿದ್ದ ಪೋರ್ಚುಗೀಸರ ಕೋಟೆಗಳನ್ನು ಕೆಳದಿಯ ಶಿವಪ್ಪನಾಯಕ 1650ರ ದಶಕದಲ್ಲಿ ಕಿತ್ತುಕೊಂಡಿದ್ದ. ಕೋಟೆಗಳೊಡನೆ ಗುರುಗಳೂ ಹೊರಟುಹೋದರು. ಗೋವೆಯಿಂದ ಬಂದು ಗದ್ದೆ ಮಾಡಿಕೊಂಡಿದ್ದ ಕ್ರೈಸ್ತ ಕುಟುಂಬಗಳು ಮಾತ್ರ ಉಳಿದವು. ಗೋವೆಗೆ ಕೆನರಾದ ಅಕ್ಕಿ ಬೇಕು, ಕೆನರಾಕ್ಕೆ ಸಮುದ್ರ ವ್ಯಾಪಾರ ಬೇಕು, ಹೀಗಾಗಿ ಪೂರ್ಣ ವೈರವೂ ಇಲ್ಲ, ಪೂರ್ಣ ಸ್ನೇಹವೂ ಇಲ್ಲ. 1678ರ ಒಪ್ಪಂದದಲ್ಲಿ ಕರಾವಳಿಯ ಕೆಲವೆಡೆ ಚರ್ಚು ಕಟ್ಟಲು ಕೆಳದಿ ಅನುಮತಿ ಕೊಟ್ಟಿತು. ಅದು ರಾಣಿ ಚೆನ್ನಮ್ಮಾಜಿಯ ಕಾಲ. ಮುಂದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರುಹಾಕಿಕೊಂಡ ಆ ವೀರಶೈವ ರಾಣಿಯ ರಾಜ್ಯದಲ್ಲಿ, ಮೂಡಬಿದಿರೆಯ ಚೌಟರು, ವೇಣೂರಿನ ಅಜಿಲರು ಮೊದಲಾದ ಜೈನ ಮನೆತನಗಳು ಸಾಮಂತರಾಗಿದ್ದ ಸೀಮೆಯಲ್ಲಿ, ಕ್ರೈಸ್ತರಿಗೆ ದೊಡ್ಡ ತೊಡಕಾದವರು ವೀರಶೈವರೂ ಅಲ್ಲ, ಜೈನರೂ ಅಲ್ಲ. ಅವರ ಸಂಕಟ ಅವರ ಮನೆಯೊಳಗಿನಿಂದಲೇ ಬಂತು.

ವಿವಾದ ಹೀಗೆ. ಪೂರ್ವದೇಶಗಳ ಕ್ರೈಸ್ತ ಸಭೆಯ ಮೇಲ್ವಿಚಾರಣೆ ಪೋರ್ಚುಗಲ್ ದೊರೆಗೆ ಸೇರಿದ ಹಕ್ಕೆಂದು ಹಳೆಯ ಪೋಪರು ಬರೆದುಕೊಟ್ಟಿದ್ದರು. ಇದು ಪದ್ರುವಾದೊ ವ್ಯವಸ್ಥೆ. ಪೋರ್ಚುಗಲ್‌ನ ಬಲ ಕುಂದಿ ಊರೂರುಗಳು ಗುರುಗಳಿಲ್ಲದೆ ಬರಿದಾದಾಗ ರೋಮ್ ತನ್ನದೇ ಆದ ಪ್ರಚಾರ ಮಂಡಳಿಯ ಮೂಲಕ ನೇರವಾಗಿ ಧರ್ಮಾಧ್ಯಕ್ಷರನ್ನು ನೇಮಿಸತೊಡಗಿತು. ಕೆನರಾಕ್ಕೆ ಹೀಗೆ ನೇಮಕವಾದವರು ತೋಮಸ್ ದೆ ಕಾಸ್ತ್ರೊ. ಅವರೂ ಗೋವೆಯ ನೆಲದವರೇ, ಥಿಯಾಟಿನ್ ಸಂಘದ ಗುರು. ಗೋವೆಯ ಮಹಾಪೀಠ ಅವರ ಅಧಿಕಾರವನ್ನು ಒಪ್ಪಲಿಲ್ಲ. ಒಂದೇ ಊರಿನಲ್ಲಿ ಇಬ್ಬರು ಯಜಮಾನರು. ಇವರ ಕೈಯಲ್ಲಿ ಮದುವೆಯಾದರೆ ಅವರು ಅದು ಮದುವೆಯೇ ಅಲ್ಲವೆನ್ನುವರು, ಅವರ ಬಳಿ ಪಾಪನಿವೇದನೆ ಮಾಡಿದರೆ ಇವರು ಕ್ಷಮೆ ದೊರಕಲಿಲ್ಲವೆನ್ನುವರು. ಲ್ಯಾಟಿನ್ ತಿಳಿಯದ, ರೋಮ್ ಯಾವ ದಿಕ್ಕಿಗಿದೆಯೆಂದೂ ತಿಳಿಯದ ಒಕ್ಕಲಿಗೆ ತನ್ನ ಮಗುವಿನ ದೀಕ್ಷಾಸ್ನಾನ ಸಲ್ಲುವುದೋ ಇಲ್ಲವೋ ಎಂಬ ಭಯ. ಈ ಭಯದ ನಡುವೆ, ಗೋವೆಯ ಪೀಠದ ಪ್ರತಿನಿಧಿಯಾಗಿ, ಮೂವತ್ತು ವರ್ಷದ ವಾಜರು ಬಂದಿಳಿದರು. ವಾಸ್ತವವಾಗಿ ಅವರು ಬೇಡಿದ್ದು ಸಿಂಹಳಕ್ಕೆ ಹೋಗಲು. ಕಳುಹಿಸಿದ್ದು ಜಗಳದೊಳಕ್ಕೆ.

ಬಂದ ವಾಜರು ತಮ್ಮ ಪಕ್ಷದ ಹುಕುಂಪತ್ರವನ್ನು ಊರ ಬಾಗಿಲಿಗೆ ಅಂಟಿಸಲಿಲ್ಲ. ಎದುರು ಪಕ್ಷವೆನಿಸಿದ ಕಾಸ್ತ್ರೊರನ್ನೇ ಹೋಗಿ ಕಂಡರು. ಅವರ ನೇಮಕದ ಆಧಾರಗಳನ್ನು ನೋಡಿದರು. ರೋಮಿನಿಂದ ಸ್ಪಷ್ಟ ನಿರ್ಣಯ ಬರುವವರೆಗೆ ಜನರ ಸಂಸ್ಕಾರಗಳು ನಿಲ್ಲದಂತೆ ಒಂದು ತಾತ್ಕಾಲಿಕ ಹೊಂದಾಣಿಕೆಗೆ ಯತ್ನಿಸಿದರು. ತಮ್ಮನ್ನು ಕಳುಹಿಸಿದವರಿಗೆ ಇದು ಮೆಚ್ಚುಗೆಯಾಗುವ ನಡೆಯಾಗಿರಲಿಲ್ಲ. ಪಕ್ಷದ ದೂತನಾಗಿ ಬಂದವನು ಪ್ರತಿಪಕ್ಷದ ಮಾತಿನಲ್ಲಿಯೂ ನ್ಯಾಯವಿರಬಹುದೆಂದು ಒಪ್ಪುವುದು ಯಾವ ಕಾಲದಲ್ಲಿಯೂ ಸುಲಭವಲ್ಲ. ಉಳಿದ ಹೊತ್ತನ್ನೆಲ್ಲ ಅವರು ಕಾಲ್ನಡಿಗೆಗೆ ಕೊಟ್ಟರು. ಹೊನ್ನಾವರ, ಗಂಗೊಳ್ಳಿ, ಕುಂದಾಪುರ, ಬಸರೂರು ಮೊದಲಾದ ಕಡೆ ಚದುರಿದ್ದ ಕುಟುಂಬಗಳನ್ನು ಕಂಡು, ಬಿದ್ದಿದ್ದ ಚರ್ಚುಗಳನ್ನು ಎತ್ತಿ ನಿಲ್ಲಿಸಿ, ಮಕ್ಕಳಿಗೆ ಪಾಠ ಹೇಳಿ, ಗುರುಗಳಿಲ್ಲದಾಗಲೂ ಜನ ತಾವೇ ಪ್ರಾರ್ಥನೆ ನಡೆಸಿಕೊಂಡು ಹೋಗುವಂತೆ ಸಹೋದರ ಸಂಘಗಳನ್ನು ಕಟ್ಟಿದರು.

1684ರಲ್ಲಿ ವಾಜರು ಗೋವೆಗೆ ಮರಳಿದರು. ಜಗಳ ತೀರಿರಲಿಲ್ಲ. ಅದು ಮುಂದಿನ ಸುಮಾರು ಎರಡು ಶತಮಾನ ಬೇರೆ ಬೇರೆ ವೇಷದಲ್ಲಿ ತಲೆಯೆತ್ತುತ್ತಲೇ ಇತ್ತು. ಭಕ್ತರು ಬರೆದ ಚರಿತ್ರೆಗಳು ಈ ಸೋಲಿನ ಮೇಲೆ ಬೇಗನೆ ಹಾದುಹೋಗುತ್ತವೆ, ಓದುಗನನ್ನು ಆದಷ್ಟು ಬೇಗ ಸಿಂಹಳದ ಸಾಹಸಕ್ಕೆ ಕರೆದೊಯ್ಯುವ ಆತುರ ಅವುಗಳದು. ಇತಿಹಾಸದ ವಿದ್ಯಾರ್ಥಿ ಮಾತ್ರ ಇಲ್ಲಿ ಕೊಂಚ ನಿಲ್ಲಬೇಕು. ಸಫಲವಾಗದ ಕೆಲಸವೊಂದನ್ನು ಹದಗೆಡದೆ ಮಾಡಿ ಮುಗಿಸಿದ ಮನುಷ್ಯನ ಚಿತ್ರ ಸಂತಚರಿತ್ರೆಗಳಲ್ಲಿ ಅಪರೂಪ.

ಸಿಂಹಳದ ಕಥೆಯೂ ಇದೇ ಸೂತ್ರದ ವಿಸ್ತಾರವೆಂದು ಓದಿದರೆ ಅದರ ಅರ್ಥ ಬದಲಾಗುತ್ತದೆ. ಐರೋಪ್ಯ ಸಂನ್ಯಾಸಿ ಸಂಘಗಳು ಈ ನೆಲದ ಗುರುಗಳನ್ನು ಒಳಗೆ ಬಿಟ್ಟುಕೊಳ್ಳಲು ಹಿಂಜರಿಯುತ್ತಿದ್ದ ಕಾಲವದು. ಆದ್ದರಿಂದ ಸ್ಥಳೀಯ ಗುರುಗಳೇ ಕೂಡಿ ಹಳೆಗೋವೆಯಲ್ಲಿ ಒಂದು ಸಂಘ ಮಾಡಿಕೊಂಡಿದ್ದರು. 1685ರಲ್ಲಿ ವಾಜರು ಅದನ್ನು ಸೇರಿ ಒರೆಟರಿ ಸಂಘದ ನಿಯಮಗಳಿಗೆ ಒಗ್ಗಿಸಿದರು. ಬಿಳಿಯರು ಬಾಗಿಲು ಮುಚ್ಚಿದರೆಂದು ಕಟ್ಟಿದ ಆ ಮನೆಯ ಬಾಗಿಲು ಬಹುಮಟ್ಟಿಗೆ ಬ್ರಾಹ್ಮಣ ಮೂಲದವರಿಗೆ ಮಾತ್ರ ತೆರೆದಿತ್ತೆಂಬುದನ್ನೂ ಮರೆಯುವಂತಿಲ್ಲ. ಸಂತರ ಸುತ್ತಲಿನ ಸಂಸ್ಥೆಗಳು ಸಂತರಷ್ಟು ದೂರ ನಡೆಯುವುದಿಲ್ಲ. 1687ರಲ್ಲಿ ವಾಜರು ಕೂಲಿಯವನ ವೇಷದಲ್ಲಿ ಯಾಳ್ಪಾಣ ಪ್ರಾಂತ್ಯವನ್ನು ಸೇರಿದರು. ವೇಷವೇಕೆಂದರೆ ಆ ದ್ವೀಪದ ಕರಾವಳಿ ಡಚ್ಚರ ಕೈಯಲ್ಲಿತ್ತು. ಡಚ್ಚರೂ ಕ್ರೈಸ್ತರೇ, ಕ್ಯಾಲ್ವಿನ್ ಮತದವರು, ಕಥೋಲಿಕ ಗುರುಗಳನ್ನು ನಿಷೇಧಿಸಿದ್ದವರು. ಕೊರಳಲ್ಲಿ ಜಪಸರ ಹಾಕಿಕೊಂಡು ಮನೆಮನೆಯಲ್ಲಿ ಭಿಕ್ಷೆ ಬೇಡುತ್ತ, ಅದನ್ನು ಕಂಡು ಯಾರ ಕಣ್ಣು ಅರಳುವುದೋ ಅವರೇ ತಮ್ಮವರೆಂದು ಹುಡುಕಿಕೊಳ್ಳಬೇಕಾಯಿತು.

1692ರಲ್ಲಿ ಅವರು ಒಳನಾಡಿನ ಕ್ಯಾಂಡಿಗೆ ಹೋದರು. ಅಲ್ಲಿಯ ದೊರೆ ಎರಡನೆಯ ವಿಮಲಧರ್ಮಸೂರಿಯ ಬೌದ್ಧ. ವಾಜರು ಪೋರ್ಚುಗೀಸರ ಗೂಢಚಾರರೆಂದು ದೊರೆಗೆ ದೂರು ಕೊಟ್ಟವನು ಬೌದ್ಧನಲ್ಲ, ದ ಲಾನೆರೋಲ್ ಎಂಬ ಫ್ರೆಂಚ್ ಪ್ರೊಟೆಸ್ಟೆಂಟ್. ಸೆರೆಯಾಯಿತು. ಸೆರೆಯಲ್ಲಿ ಅವರು ಸಿಂಹಳ ಭಾಷೆ ಕಲಿತರು. ದೊರೆಗೆ ನಿಜ ತಿಳಿದು ಬಂಧನ ಸಡಿಲವಾಯಿತು, ಮುಂದೆ ರಕ್ಷಣೆಯೂ ದೊರೆಯಿತು. ಅಂದರೆ ಒಬ್ಬ ಕ್ರೈಸ್ತ ಸಂತನನ್ನು ಕ್ರೈಸ್ತರು ಅಟ್ಟಿದರು, ಕ್ರೈಸ್ತನೇ ಹಿಡಿದುಕೊಟ್ಟ, ಬೌದ್ಧ ದೊರೆ ಕಾಪಾಡಿದ. ಕೆನರಾದಲ್ಲಿ ಕ್ರೈಸ್ತರ ನಡುವಿನ ಜಗಳದಲ್ಲಿ ನವೆದವನಿಗೆ ವೀರಶೈವ ರಾಣಿಯ ರಾಜ್ಯ ನಡೆದಾಡಲು ದಾರಿ ಕೊಟ್ಟಿತ್ತು. ತನ್ನ ಮತಕ್ಕೆ ಅಪಾಯ ಯಾವಾಗಲೂ ಹೊರಗಿನಿಂದಲೇ ಬರುತ್ತದೆಂದು ನಂಬಿಸುವ ಮಾತುಗಳು ಎಲ್ಲ ಮತಗಳಲ್ಲಿಯೂ ಜೋರಾಗಿ ಕೇಳುವ ಈ ದಿನಗಳಲ್ಲಿ ವಾಜರ ಚರಿತ್ರೆ ಆ ನಂಬಿಕೆಗೆ ಸಾಕ್ಷಿ ಹೇಳಲು ಒಪ್ಪುವುದಿಲ್ಲ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ದೊರೆಯೂ ಸಿರಿವಂತರೂ ಊರು ಬಿಟ್ಟರು. ರೋಗಿಗಳನ್ನು ಮನೆಯವರೇ ಕಾಡಿಗೆ ಸಾಗಿಸಿ ಬಿಟ್ಟುಬರುವ ಸ್ಥಿತಿ. ವಾಜರು ಮತ್ತು ಅವರ ಜೊತೆಯ ಗುರು ಜೋಸೆಫ್ ಕಾರ್ವಾಲೊ ಊರಲ್ಲಿಯೇ ನಿಂತರು. ಖಾಲಿಬಿದ್ದ ಮನೆಗಳಿಗೆ ರೋಗಿಗಳನ್ನು ತಂದು ಮಲಗಿಸಿ, ಗಂಜಿ ಕುಡಿಸಿ, ಹುಣ್ಣು ತೊಳೆದು, ಸತ್ತವರನ್ನು ಹೊತ್ತು ಹೂಳಿದರು. ರೋಗಿಗಳಲ್ಲಿ ಹೆಚ್ಚಿನವರು ಬೌದ್ಧರು. 2020 ಮತ್ತು 2021ರಲ್ಲಿ ಬೆಂಗಳೂರಿನ ಸ್ಮಶಾನಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದ್ದನ್ನು ಕಂಡವರಿಗೆ, ಹೆತ್ತವರ ದೇಹವನ್ನು ಮುಟ್ಟಲು ಮಕ್ಕಳೇ ಅಂಜಿದಾಗ ಗುರುತಿಲ್ಲದ ಸ್ವಯಂಸೇವಕರು ಅಂತ್ಯಕ್ರಿಯೆ ನಡೆಸಿದ್ದನ್ನು ಬಲ್ಲವರಿಗೆ, ಈ ಪ್ರಸಂಗದ ಭಾರ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಪವಾಡಗಳ ಮಾತು. ಕ್ಯಾಂಡಿಯಲ್ಲಿ ಬರ ಬಿದ್ದಾಗ ವಾಜರು ಪ್ರಾರ್ಥಿಸಿ ಮಳೆ ತರಿಸಿದರೆಂದೂ ಅವರ ಸುತ್ತಲಿನ ನೆಲ ಮಾತ್ರ ನೆನೆಯಲಿಲ್ಲವೆಂದೂ ಕಥೆಯಿದೆ. ಮಂಗಳೂರಿನ ಸಮೀಪದ ಮುಡಿಪು ಗುಡ್ಡದ ಐತಿಹ್ಯ ನಮಗೆ ಇನ್ನೂ ಹತ್ತಿರದ್ದು. ಯಾರೋ ಸಾಯುತ್ತಿದ್ದಾರೆ, ಕಡೆಯ ಸಂಸ್ಕಾರಕ್ಕೆ ಬನ್ನಿರೆಂದು ಸುಳ್ಳು ಹೇಳಿ ವೈರಿಗಳು ಅವರನ್ನು ರಾತ್ರಿ ಗುಡ್ಡಕ್ಕೆ ಕರೆದೊಯ್ದರಂತೆ. ಕೊಲ್ಲುವ ಸಂಚೆಂದು ತಿಳಿದ ವಾಜರು ಬಂಡೆಯ ಮೇಲೆ ಮೊಣಕಾಲೂರಿ ಪ್ರಾರ್ಥಿಸಿದಾಗ ಅಲ್ಲಿ ನೀರು ಚಿಮ್ಮಿತಂತೆ. ಇದು ನಡೆದದ್ದೇ ಎಂದು ಕೇಳುವುದರಲ್ಲಿ ಹೆಚ್ಚು ಫಲವಿಲ್ಲ. ಈ ಕಥೆ ಏನನ್ನು ನೆನಪಿಟ್ಟುಕೊಂಡಿದೆಯೆಂದು ಕೇಳಬಹುದು. ರೋಗಿಯೊಬ್ಬ ಕರೆದರೆ ಯಾವ ಹೊತ್ತಿನಲ್ಲಾದರೂ ಎದ್ದು ಬರುವ ಮನುಷ್ಯನೆಂದು ವೈರಿಗಳಿಗೂ ಖಾತ್ರಿಯಿತ್ತು, ಆದ್ದರಿಂದಲೇ ಆ ಸುಳ್ಳನ್ನು ಆರಿಸಿದರು. ನೀರಿಗಿಂತ ಮೊದಲು ಕಥೆ ನುಡಿಯುವುದು ಇದನ್ನು.

ಪವಾಡಗಳು ಹುಟ್ಟುವ ಬಗೆಗೆ ಸಂತ ಲೂಸಿಯ ಉದಾಹರಣೆ ಒಳ್ಳೆಯದು. ನಾಲ್ಕನೆಯ ಶತಮಾನದ ಆರಂಭದಲ್ಲಿ ಸಿಸಿಲಿಯ ಸಿರಾಕ್ಯೂಸ್‌ನಲ್ಲಿ ಮಡಿದ ಈ ರಕ್ತಸಾಕ್ಷಿಯನ್ನು ಕುರಿತ ಹಳೆಯ ಬರಹದಲ್ಲಿ ಕಣ್ಣು ಕಿತ್ತ ಪ್ರಸಂಗವಿಲ್ಲ. ಹೆಸರಿನ ಮೂಲದಲ್ಲಿ ಬೆಳಕೆಂಬ ಅರ್ಥದ ಲ್ಯಾಟಿನ್ ಶಬ್ದವಿದೆ. ಕಾಲಾಂತರದಲ್ಲಿ ಚಿತ್ರಕಾರರು ಅವಳ ಕೈಗೆ ಎರಡು ಕಣ್ಣುಗಳಿರುವ ತಟ್ಟೆ ಕೊಟ್ಟರು, ಅವಳು ಕಣ್ಣುರೋಗಿಗಳ ತಾಯಿಯಾದಳು. ಹರಿಹರನ ರಗಳೆಯ ಕಣ್ಣಪ್ಪನನ್ನು ಬಲ್ಲ ಕನ್ನಡ ಓದುಗ ಇಲ್ಲಿ ಮುಗುಳ್ನಗಬಹುದು. ಆ ಕಣ್ಣಪ್ಪನ ಪಾತ್ರದಿಂದಲೇ, 1954ರ ‘ಬೇಡರ ಕಣ್ಣಪ್ಪ’ದಲ್ಲಿ, ರಾಜ್‌ಕುಮಾರ್ ನಾಯಕನಟರಾದದ್ದು. ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಹದಿನೈದು ವರ್ಷಗಳ ಬಳಿಕ ಪುನೀತ್ ಅವರ ಕಣ್ಣುಗಳನ್ನೂ. ರಾಜಾಜಿನಗರದ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಎರಡು ಪದರವಾಗಿ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಆಮೇಲೆ ಕಣ್ಣುದಾನಕ್ಕೆ ಹೆಸರು ಬರೆಸುವವರ ಸಂಖ್ಯೆ ಏರಿತು. ಕಥೆಯೊಂದು ಹೆಸರಿನಿಂದ ಹುಟ್ಟಿ, ರಗಳೆಯಾಗಿ, ಪರದೆಗೇರಿ, ಕಡೆಗೆ ಆಸ್ಪತ್ರೆಯ ಮೇಜಿನ ಮೇಲೆ ಕೃತಿಯಾದಾಗ ಅದನ್ನು ಕಟ್ಟುಕಥೆಯೆಂದು ಸುಮ್ಮನೆ ತಳ್ಳುವುದು ಹೇಗೆ?

ಆದರೂ ಕನ್ನಡದ ಪ್ರಾಚೀನ ಗದ್ಯ ‘ವಡ್ಡಾರಾಧನೆ’ಯನ್ನು ಮುಂದಿಟ್ಟುಕೊಂಡಾಗ ಬೇರೊಂದು ಮಾದರಿ ಕಾಣುತ್ತದೆ. ಅದರ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯದು. ಹಿಂದಿನ ಜನ್ಮದಲ್ಲಿ ಕೋಪದಿಂದ ಅತ್ತಿಗೆಯನ್ನು ಒದ್ದಿದ್ದ. ಆ ಕಾಲನ್ನೇ ತಿನ್ನುವೆನೆಂದು ಅವಳು ಸಂಕಲ್ಪಿಸಿದ್ದಳು. ಈ ಜನ್ಮದಲ್ಲಿ ಅವಳು ನರಿಯಾಗಿ ಮರಿಗಳೊಡನೆ ಬಂದು, ಧ್ಯಾನದಲ್ಲಿದ್ದ ಮುನಿಯನ್ನು ಕಾಲಿನಿಂದ ಆರಂಭಿಸಿ ಮೂರು ದಿನ ತಿಂದಳು. ಯಾವ ದೇವತೆಯೂ ಬಂದು ನರಿಯನ್ನು ಓಡಿಸುವುದಿಲ್ಲ. ಪಾಲಿಕಾರ್ಪರ ಚಿತೆ ತಣ್ಣಗಾದರೂ ಕಠಾರಿ ತಣ್ಣಗಾಗಲಿಲ್ಲವಲ್ಲ, ಅದರಂತೆಯೇ. ಹಿಂಸಿಸುವವಳು ಪರಕೀಯಳಲ್ಲ, ಒಂದು ಕಾಲಕ್ಕೆ ಅದೇ ಮನೆಯವಳು, ಅವಳ ಕೋಪಕ್ಕೆ ಕಾರಣ ತಾನೇ. ಉಪಸರ್ಗವನ್ನು ಸಹಿಸುವವನು ಅದನ್ನು ಬಲ್ಲ. ಜೈನ ಕಥೆಯ ಕರ್ಮಸಿದ್ಧಾಂತವೂ ಕ್ರೈಸ್ತ ಕಥೆಯ ಕೃಪಾಸಿದ್ಧಾಂತವೂ ಒಂದೇ ಎನ್ನುವುದು ಸಲ್ಲದು, ಅವು ಬೇರೆಯೇ. ಆದರೆ ಆ ಎರಡೂ ಸಂಪ್ರದಾಯಗಳ ಒಳ್ಳೆಯ ಕಥೆಗಳಲ್ಲಿ ನೋವು ಕೊಟ್ಟವನ ಮೇಲೆ ದ್ವೇಷ ಬೆಳೆಸಲು ಓದುಗನಿಗೆ ಅನುಮತಿಯಿಲ್ಲ. ಅಂಥ ದ್ವೇಷ ಬೆಳೆಸಲೆಂದೇ ಈಗೀಗ ಹುತಾತ್ಮರ ಕಥೆಗಳನ್ನು ಎಲ್ಲ ಕಡೆಯೂ ಮರುಬರೆಯುತ್ತಿರುವುದನ್ನು ನೋಡಿದರೆ, ಹಳೆಯ ಕಥೆಗಾರರ ಸಂಯಮ ದೊಡ್ಡದೆನಿಸುತ್ತದೆ.

ವಾಜರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ಅವರು ಒಪ್ಪಿಕೊಂಡಿರಲಿಲ್ಲ. ಅವರ ಬಳಿಕ ಆ ಕೆಲಸವನ್ನು ನಡೆಸಿದ ಗೋವೆಯ ಗುರುಗಳಲ್ಲಿ ಜಾಕೊಮೆ ಗೊನ್ಸಾಲ್ವೆಸರು ಸಿಂಹಳ ಮತ್ತು ತಮಿಳುಗಳಲ್ಲಿ ಬರೆದು ಸಿಂಹಳ ಕ್ರೈಸ್ತ ಸಾಹಿತ್ಯಕ್ಕೆ ಅಡಿಪಾಯ ಹಾಕಿದರು. ಮಂಗಳೂರಿನ ಕಥೋಲಿಕರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದು ಬೆಳೆಸಿದ ಸಾಹಿತ್ಯದೊಡನೆ ಇದನ್ನಿಟ್ಟು ನೋಡುವುದು ಸಂಶೋಧಕರಿಗೆ ಒಳ್ಳೆಯ ವಿಷಯ. ವಾಜರ ಮೊದಲ ದೊಡ್ಡ ಜೀವನಚರಿತ್ರೆಯನ್ನು ಸೆಬಾಸ್ತಿಯಾಂವ್ ದೊ ರೆಗೊ ಪೋರ್ಚುಗೀಸ್ ಭಾಷೆಯಲ್ಲಿ ಬರೆದರು. ಅದು 1745ರಲ್ಲಿ, ವಾಜರು ಕಣ್ಮರೆಯಾದ 34 ವರ್ಷಗಳ ನಂತರ, ಲಿಸ್ಬನ್‌ನಲ್ಲಿ ಅಚ್ಚಾಯಿತು. ಅದೇ ಸಂಘದ ಗುರು ತನ್ನ ಸಂಘದ ಕೀರ್ತಿಗಾಗಿ ಬರೆದ ಪುಸ್ತಕವೆಂಬುದನ್ನು ಓದುವಾಗ ನೆನಪಿನಲ್ಲಿಡಬೇಕು.

ಪೀಠದ ಮನ್ನಣೆ ಮಾತ್ರ ಬಹಳ ನಿಧಾನವಾಗಿ ಬಂತು. 1995ರ ಜನವರಿಯಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಕೊಲಂಬೊದಲ್ಲಿ ಅವರಿಗೆ ಸಂತಪದವಿಯ ಹಿಂದಿನ ಮೆಟ್ಟಿಲಾದ ಧನ್ಯಪದವಿ ಕೊಟ್ಟರು. ಸಂತರೆನಿಸಲು ಇನ್ನೊಂದು ಪವಾಡ ಸಿದ್ಧವಾಗಬೇಕೆಂಬುದು ನಿಯಮ. 2014ರಲ್ಲಿ ಪೋಪ್ ಫ್ರಾನ್ಸಿಸ್ ಆ ಎರಡನೆಯ ಪವಾಡದ ಆವಶ್ಯಕತೆಯನ್ನೇ ಕೈಬಿಟ್ಟರು. ಮರುವರ್ಷ ಕೊಲಂಬೊದ ಸಮುದ್ರತೀರದ ಬಯಲಿನಲ್ಲಿ, ದೀರ್ಘ ಅಂತರ್ಯುದ್ಧದ ಗಾಯ ಇನ್ನೂ ಮಾಯದ ದೇಶದಲ್ಲಿ, ಅವರು ಎತ್ತಿ ಹೇಳಿದ ಗುಣಗಳಲ್ಲಿ ಮತಭೇದವನ್ನು ಮೀರಿ ಶಾಂತಿಗಾಗಿ ದುಡಿದದ್ದು ಒಂದು. ಮಳೆಯನ್ನೂ ಚಿಲುಮೆಯನ್ನೂ ಪಕ್ಕಕ್ಕಿಟ್ಟು ಸಿಡುಬಿನ ಮನೆಗಳನ್ನು ಮುಂದಕ್ಕೆ ತಂದ ಈ ಓದು ಪೀಠದಿಂದಲೇ ಬಂದದ್ದು ವಿಶೇಷ. 1634ರ ನಿಯಮಗಳನ್ನು ಬಿಗಿಗೊಳಿಸಿದ ಅರ್ಬನ್ ಪೋಪರಿಗೆ ಇದು ಹೇಗೆ ಕಾಣುತ್ತಿತ್ತೋ!

ಸಂತರಿಗೆ ಸಮಾಧಿಯೇ ಮೂಲವೆಂದು ಮೊದಲಲ್ಲಿ ಹೇಳಲಾಯಿತು. ವಾಜರ ವಿಷಯದಲ್ಲಿ ಅದೂ ಉಳಿದಿಲ್ಲ. ಕ್ಯಾಂಡಿಯಲ್ಲಿ ಅವರು ಕಟ್ಟಿದ ಚರ್ಚು ಮುಂದೆ ನಾಶವಾಯಿತು, ಅವರನ್ನು ಹೂಳಿದ ಜಾಗದ ಗುರುತು ಅಳಿಸಿಹೋಯಿತು. ಹೂವಿಡಲು ಕಲ್ಲಿಲ್ಲ, ಆಯ್ದುಕೊಳ್ಳಲು ಮೂಳೆಯಿಲ್ಲ. ಕನ್ನಡ ನೆಲದಲ್ಲಿ ಅವರನ್ನು ಹುಡುಕಿಕೊಂಡು ಹೋಗುವವರು ಮುಡಿಪು ಗುಡ್ಡವನ್ನು ಹತ್ತುತ್ತಾರೆ. ಜನವರಿ 16 ಬಂದಾಗ ಅಲ್ಲಿ ಹಬ್ಬ. ಪ್ರಾರ್ಥನೆ ಮುಗಿಸಿದವರು ಬಂಡೆಯ ಬಳಿ ಬಗ್ಗಿ, ತಂದ ಬಾಟಲಿಗಳಲ್ಲಿ ನೀರು ತುಂಬಿಕೊಂಡು, ಮನೆಯಲ್ಲಿ ಕಾಯಿಲೆ ಮಲಗಿದವರಿಗೆಂದು ಒಯ್ಯುತ್ತಾರೆ.